ಕಲೆ ಬೀಳದ ಹಾಸಿಗೆ

೧೯ ಜುಲೈ, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ಪುಟ್ಟಿಯ ನಮಸ್ಕಾರಗಳು. ನೀನು ಬರೆದ ಪತ್ರಗಳೆಲ್ಲ ಕೈಸೇರಿವೆ. ಇಷ್ಟು ದಿನ ಉತ್ತರ ಬರೆಯದಿದ್ದದ್ದು ತಪ್ಪೇ, ಕ್ಷಮಿಸು. ಯೂನಿಫಾರಂ ಹೊಲಿಯುವ ಸಮಯ, ಪುರುಸೊತ್ತಿಲ್ಲ ಎನ್ನಬಹುದಿತ್ತು. ಆದರೆ ವಾರ್ಡಿನಲ್ಲಿ ದಿನಾ ನೂರು ನೆಪ ಕೇಳುವ ನರ್ಸು ನೀನು, ನಿನ್ನ ಹತ್ತಿರ ಅದು ನಡೆಯುವುದಿಲ್ಲ. ಬರೆಯಲು ಕೂತಾಗಲೆಲ್ಲ ಮೊದಲ ಸಾಲಿಗೇ ಕೈ ನಿಂತುಬಿಡುತ್ತಿತ್ತು.

ನಾನೀಗ ಹೊಲಿಗೆ ಕಾರ್ಖಾನೆಯ ಹಿಂದಿನ ಬೀದಿಯಲ್ಲಿ, ಮಹಡಿಯ ಮೇಲೆ ಒಂದು ಕೋಣೆ ಹಿಡಿದಿದ್ದೇನೆ. ಕಿಟಕಿ ತೆರೆದರೆ ಕೆಳಗಿನ ಲಾಂಡ್ರಿಯ ಹಬೆ ಒಳಗೇ ಬರುತ್ತದೆ. "ನಿಂಗೆ ಇಸ್ತ್ರಿ ಪುಕ್ಕಟೆ ಬಿಡು" ಎಂದು ಜೊತೆಯವರು ನಗಿಸುತ್ತಾರೆ. ಹೌದು, ಗಂಡನ ಮನೆ ಬಿಟ್ಟು ಆರು ವಾರವಾಯಿತು.

ಮದುವೆಯ ಮರುದಿನ ಬೆಳಗ್ಗೆ ನಾನು ತಲೆ ಬಾಚಿಕೊಳ್ಳುತ್ತಿದ್ದೆ. ನನ್ನ ಗಂಡ ಹಾಸಿಗೆಯ ಬಟ್ಟೆಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಕನ್ನಡಕದ ಅಂಗಡಿಯಲ್ಲಿ ಕೆಲಸ, ದಿನವಿಡೀ ಗಾಜಿನ ಗೀರು ಹುಡುಕುವವರಲ್ಲವೇ, ಹಾಗೆಯೇ ಮೂಲೆ ಮೂಲೆಯನ್ನೂ. "ಏನು ಹುಡುಕ್ತಿದ್ದೀರಿ?" ಎಂದೆ. "ಏನಿಲ್ಲ" ಎಂದರು. ಆಮೇಲೆ ಎರಡು ತಿಂಗಳು ನೆಟ್ಟಗೆ ಮುಖ ಕೊಟ್ಟು ಮಾತಾಡಲಿಲ್ಲ.

ಕೊನೆಗೆ ಅತ್ತೆಯೇ ಅಡುಗೆಮನೆಯಲ್ಲಿ ಬಾಯಿಬಿಟ್ಟರು. "ರಕ್ತ ಬರ್ಲಿಲ್ವಂತಲ್ಲಮ್ಮ. ಮೊದಲೇ ಯಾರಾದ್ರೂ ಇದ್ರಾ?" ಯಾರೂ ಇರಲಿಲ್ಲ ಎಂದು ಆಣೆ ಇಟ್ಟೆ. ಇದ್ದಿದ್ದರೂ ಆ ಪ್ರಶ್ನೆ ಅಷ್ಟೇ ಕೆಟ್ಟದ್ದೆಂದು ಈಗ ಅನ್ನಿಸುತ್ತದೆ, ಆಗ ತೋಚಲಿಲ್ಲ. ನನಗೆ ತಿಂಗಳ ನಡುವೆ ಬಿಳಿ ಹೋಗುವುದನ್ನೂ ಅತ್ತೆ ಗಮನಿಸಿದ್ದರು. "ನಡತೆ ಸರಿಯಿಲ್ದೋರಿಗೇ ಹೀಗಾಗೋದು" ಎಂದು, ಗಾಯ ತೊಳೆಯುವ ಔಷಧಿಯನ್ನು ನೀರಿಗೆ ಬೆರೆಸಿ ದಿನಾ ಒಳಗೆ ತೊಳೆದುಕೊಳ್ಳಲು ಕೊಟ್ಟರು. ತೊಳೆದುಕೊಂಡೆ ಅಕ್ಕ, ಮೂರು ವಾರ. ಉರಿ ತಾಳಲಾರದೆ, ಯಂತ್ರದ ಮುಂದೆ ಕೂರಲಾಗದೆ, ನಿಂತುಕೊಂಡೇ ಗುಂಡಿ ಹೊಲಿದೆ.

ನಮ್ಮ ಸೂಪರ್‌ವೈಸರಮ್ಮ ಅದನ್ನು ನೋಡಿ ಸೀದಾ ಡಾಕ್ಟರಮ್ಮನ ಹತ್ತಿರ ಕರೆದೊಯ್ದರು. "ಇದು ರೋಗ ಅಲ್ಲ, ಔಷಧಿಯಿಂದ ಚರ್ಮ ಸುಟ್ಟಿದೆ. ಒಳಗನ್ನ ದೇಹವೇ ಶುಚಿ ಮಾಡ್ಕೊಳ್ಳತ್ತೆ. ಬಿಳಿ ಹೋಗೋದು ಸಹಜ, ಕೆಟ್ಟ ವಾಸನೆ, ತುರಿಕೆ ಇದ್ರೆ ಬಂದು ತೋರಿಸು" ಎಂದರು ಆಕೆ. ಅಳುತ್ತಲೇ ಇನ್ನೊಂದು ವಿಷಯವನ್ನೂ ಹೇಳಿಕೊಂಡೆ. ಮರುದಿನ ನನ್ನ ಗಂಡನನ್ನೂ ಕರೆಸಿದರು.

"ಎಷ್ಟೋ ಹೆಂಗಸರಿಗೆ ಮೊದಲ ಸಲ ರಕ್ತ ಬರೋದೇ ಇಲ್ಲ. ಅಲ್ಲಿರೋದು ತೆಳು ಪದರ, ಹಿಗ್ಗತ್ತೆ, ಒಬ್ಬೊಬ್ಬರಿಗೆ ಒಂದೊಂದು ಥರ. ಪರೀಕ್ಷೆ ಮಾಡಿ ನಾನೇ ಹೇಳಕ್ಕಾಗಲ್ಲ, ನೀವು ಬೆಡ್‌ಶೀಟ್ ನೋಡಿ ಹೇಳ್ತೀರಾ?"

ಅವರು ತಲೆಯಾಡಿಸಿ ಎದ್ದರು. ಹೊರಗೆ ಮೆಟ್ಟಿಲಿಳಿಯುವಾಗ ಮಾತ್ರ, "ಸಮಾಧಾನಕ್ಕೆ ಎಲ್ಲಾ ಡಾಕ್ಟರ್ರೂ ಹೀಗೇ ಹೇಳೋದು" ಎಂದರು. ಆ ಸಂಜೆಯೇ ಬಟ್ಟೆ ತುಂಬಿಕೊಂಡು ಹೊರಟೆ.

ಈಗ ಉರಿ ಪೂರ್ತಿ ಹೋಗಿದೆ, ಯೋಚನೆ ಮಾಡಬೇಡ. ನಿನ್ನ ಮಗಳು ದೊಡ್ಡವಳಾದಳೆಂದು ಬರೆದಿದ್ದೀಯ. ಅವಳಿಗೆ ಚಿಕ್ಕಮ್ಮನ ಮನಸಾರೆ ಆಶೀರ್ವಾದ, ತನ್ನ ಮೈಗೆ ತಾನು ಹೆದರದೆ ಬೆಳೆಯಲಿ. ಭಾವನಿಗೆ ನಮಸ್ಕಾರ ತಿಳಿಸು.

ಇಂತಿ ನಿನ್ನ ತಂಗಿ,
ಪುಟ್ಟಿ

ತಾ.ಕ.: ಹೋದ ಭಾನುವಾರ ಅವರು ಕ್ಷಮೆ ಕೇಳಲು ಬಂದಿದ್ದರು. ಮಾತಿಗೆ ಮಾತು ಬಂದು, "ನಾನೇನು ಸುಮ್ಸುಮ್ನೆ ಅನುಮಾನ ಪಡ್ಲಿಲ್ಲ. ಆವತ್ತು ಬೆಳಗ್ಗೇನೇ ನಿಮ್ಮಕ್ಕನಿಗೆ ಫೋನ್ ಮಾಡಿ ಕೇಳ್ದೆ. 'ರಕ್ತ ಬರಬೇಕಿತ್ತು. ಅವಳ ವಿಷಯ ನಂಗೇನು ಗೊತ್ತು' ಅಂದ್ರು" ಎಂದರು. ಸುಳ್ಳೇ ಇರಬೇಕೆಂದು ಒಂದು ವಾರ ನನ್ನನ್ನು ನಾನೇ ನಂಬಿಸಿಕೊಂಡೆ. ಪತ್ರದಲ್ಲೆಲ್ಲ ನನ್ನ ಆರೋಗ್ಯ ವಿಚಾರಿಸಿದ್ದೀಯ. ಆ ಫೋನಿನ ಮಾತು ಮಾತ್ರ ಎಲ್ಲೂ ಎತ್ತಿಲ್ಲ. ಹದಿನಾರು ವರ್ಷ ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡಿದವಳಿಗೆ ಇದು ಗೊತ್ತಿರಲಿಲ್ಲವೇ ಅಕ್ಕ? ಆ ಹೊತ್ತು ಭಾವ ಪಕ್ಕದಲ್ಲಿ ಕೇಳಿಸಿಕೊಳ್ಳುತ್ತಿದ್ದರೇ, ಅವರಿಗೆ ಹೆದರಿ ಹಾಗಂದೆಯಾ? ಅವರೂ ಒಂದು ಬೆಳಗ್ಗೆ ನಿನ್ನ ಹಾಸಿಗೆ ಎತ್ತಿ ನೋಡಿದ್ದರೇ? ಹಾಗಿದ್ದರೆ ಅದೊಂದೇ ಬರೆ, ಮೊದಲ ಬಸ್ಸಿಗೇ ಬರುತ್ತೇನೆ. ಬೇರೆ ಏನಿದ್ದರೂ ಬರೆಯಬೇಡ.