ಗೋಡೆಯ ಮೇಲಿನ ಅಕ್ಕಲಕೋಟ

ಸೋಲಾಪುರ, ೧೯೭೪

ವೈನಿಗೆ ಸಾತಲಿಂಗನ ಶರಣು.

ಅಕ್ಕಲಕೋಟಕ್ಕೆ ಹೋಗುವ ಯಾತ್ರೆ ಬಸ್ಸಿನವರ ಜಾಹೀರಾತು ಬರೆಯುವ ಕೆಲಸ ಸಿಕ್ಕಿದೆ. ಜನರನ್ನು ಸೆಳೆಯಲೆಂದು ಕಚೇರಿಯ ಹೊರಗೋಡೆಯ ಮೇಲೆ ಅಕ್ಕಲಕೋಟದ ಗುಡಿಯನ್ನೂ ಸ್ವಾಮಿಗಳ ಪಾದುಕೆಗಳನ್ನೂ ಆಳೆತ್ತರ ಬಿಡಿಸಿದೆ. ಜನ ಬಂದರು. ಚಪ್ಪಲಿ ಬಿಟ್ಟು, ಕುಂಕುಮ ಹಚ್ಚಿ, ಕಾಯಿ ಒಡೆದು ಮನೆಗೆ ಹೋದರು. ಟಿಕೆಟ್ ಒಬ್ಬರೂ ಕೇಳಲಿಲ್ಲ.

"ದರ್ಶನ ಇಲ್ಲೇ ಆತಲ್ಲೋ ತಮ್ಮಾ, ಬಸ್ ಯಾಕ ಬೇಕ?" ಎಂದು ಒಬ್ಬ ಮುದುಕಿ ನನ್ನನ್ನೇ ಗದರಿಸಿದಳು.

ಮಾಲಕರು ಉರಿದುಬಿದ್ದು, "ಗುಡಿ ಅಳಸಿ ಬರೇ ಬಸ್ಸಿನ ಚಿತ್ರ ಬರಿಯೋ" ಎಂದರು. ಬರೆದೆ. ಈಗ ಜನ ಹೊಸ ಗಾಡಿಯೆಂದು ಅದಕ್ಕೂ ಲಿಂಬೆಹಣ್ಣು ತೂಗುಹಾಕಿ ಕಾಯಿ ಒಡೆಯುತ್ತಿದ್ದಾರೆ.

ಬಣ್ಣದ ಘಾಟಿಗೆ ಬಂದಿದ್ದ ಕೆಮ್ಮು ಇಳಿದಿದೆ. ಚಟ್ನಿ ಕಳಿಸಬೇಡಿ, ಕೊಬ್ಬರಿ ಬೇಕಾದಷ್ಟಿದೆ. ಮಾಲಕರು ಕೂಗುತ್ತಿದ್ದಾರೆ, ಗೋಡೆಯ ಮುಂದಿಡುವ ಹುಂಡಿಗೆ ಬಣ್ಣ ಹಚ್ಚಬೇಕಂತೆ.

ನಿಮ್ಮ ಮೈದುನ,
ಸಾತಲಿಂಗ