ಅಳಿಯಂದಿರು ಆರಿಸಿದ ಎಂಜಿನ್

ಅಪ್ಪನಿಗೆ,

ನಾನಿಲ್ಲಿ ಚೆನ್ನಾಗಿದ್ದೇನೆ. ನಮ್ಮ ಕಲ್ಲಿನ ಲಾರಿಗೆ ಬೇರೆ ಎಂಜಿನ್ ಕೂರಿಸುತ್ತಿದ್ದೀರಿ, ಅದನ್ನು ಆರಿಸೋಕೆ ಅಳಿಯಂದಿರನ್ನು ಕರೆದುಕೊಂಡು ಹೋಗಿದ್ದಿರಿ ಅಂತ ಅಮ್ಮ ಫೋನಿನಲ್ಲಿ ಹೇಳಿದಳು. ಬಹಳ ಸಂತೋಷ. ಹನ್ನೆರಡು ವರ್ಷದಿಂದ ಡೀಸೆಲ್ ಎಂಜಿನ್ ಬಿಚ್ಚಿ ಜೋಡಿಸುತ್ತಿರುವ ಮಗ ನಿಮಗೆ ನೆನಪಾಗಲಿಲ್ಲ. ಹಿತ್ತಲ ಗಿಡ ಮದ್ದಲ್ಲ, ಬಿಡಿ. ಟೈರ್ ಅಂಗಡಿ ಇಟ್ಟ ಅಳಿಯಂದಿರಿಗೆ ಎಲ್ಲವೂ ಗೊತ್ತಿರುತ್ತೆ.

ಓಡೋ ಎಂಜಿನ್ ಬೇರೆ, ಎಳೆಯೋ ಎಂಜಿನ್ ಬೇರೆ ಅಂತ ನನಗೆ ಕಲಿಸಿದವರು ನೀವೇ. ಇಪ್ಪತ್ತು ಟನ್ ಕಲ್ಲು ಹೊತ್ತು ದಿಬ್ಬ ಹತ್ತುವಾಗ ವೇಗ ಯಾರಿಗೆ ಬೇಕು? ನಿಧಾನವಾಗಿ ತಿರುಗುವಾಗಲೇ ದಮ್ಮು ಇರಬೇಕು. ಅಳಿಯಂದಿರು ಹೊಳಪಿಗೆ ಮರುಳಾಗಿರುತ್ತಾರೆ ಅಂದುಕೊಂಡು ಭಾನುವಾರ ನಾನೇ ಬಸ್ಸು ಹತ್ತಿ ನೀವು ಎಂಜಿನ್ ನೋಡಿದ ಅಂಗಡಿಗೆ ಹೋದೆ. ನೀವು ಗೊತ್ತುಮಾಡಿದ ಎಂಜಿನ್ನನ್ನೇ ಸ್ಟಾರ್ಟ್ ಮಾಡಿಸಿದೆ. ಒಂದಾದರೂ ತಪ್ಪು ಸಿಗಲಿ ಅಂತ ಒಂದು ಗಂಟೆ ಕಿವಿಗೊಟ್ಟು ನಿಂತೆ. ಸಿಗಲಿಲ್ಲ. ನಾನಿದ್ದರೂ ಅದನ್ನೇ ಆರಿಸುತ್ತಿದ್ದೆ. ಇದನ್ನು ಅವರಿಗೆ ಹೇಳಬೇಡಿ.

ಹೊರಡುವಾಗ ಅಂಗಡಿಯವನು ಇನ್ನೊಂದು ಮಾತು ಹೇಳಿದ. ನೀವು ನಿಮ್ಮ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ ಮೇಲಿಟ್ಟು, ಮರದ ಹಿಡಿಯನ್ನು ಅಳಿಯಂದಿರ ಕಿವಿಗೆ ಒತ್ತಿ, "ಒಳಗೆ ಏನು ಹೇಳುತ್ತಿದೆ, ಕೇಳಿ" ಅಂದಿರಂತೆ. ನನಗೆ ಏಳು ವರ್ಷವಾಗಿದ್ದಾಗ ನನ್ನ ಕಿವಿಗೂ ಹಾಗೇ ಒತ್ತಿದ್ದಿರಿ.

ಎಂಜಿನ್ ಅವರು ಹೇಳಿದ್ದನ್ನೇ ಕೂರಿಸಿ. ಆ ಸ್ಕ್ರೂಡ್ರೈವರನ್ನು ಮಾತ್ರ ಅಮ್ಮ ಇಲ್ಲಿಗೆ ಬರುವಾಗ ಕೊಟ್ಟು ಕಳಿಸಿ. ಇಲ್ಲಿ ಕೆಲಸಕ್ಕೆ ಬೇಕಾಗಿದೆ.

ಇಂತಿ,
ನಿಮ್ಮ ಒಬ್ಬನೇ ಮಗ