ಸ್ಪೀಕರ್ ಓಟು

13 ಫೆಬ್ರವರಿ 2015, ಶುಕ್ರವಾರ

ಇವತ್ತೂ ಸೋಷಿಯಲ್ ಪೀರಿಯಡ್‌ನಲ್ಲಿ ಸಭೆ. ಕಾನೂನು ಹೇಗೆ ಆಗುತ್ತದೆ ಅನ್ನೋ ಪಾಠವನ್ನು ರಾಧಾಮಣಿ ಮಿಸ್ ಓದಿಸುತ್ತಿಲ್ಲ, ಆಡಿಸುತ್ತಿದ್ದಾರೆ. ನಮ್ಮ ಒಂಬತ್ತನೇ ಬಿ ಸೆಕ್ಷನ್ನೇ ವಿಧಾನಸಭೆ. ಕ್ಲಾಸಿನ ನಿಯಮಗಳಿಗೆ ನಾವೇ ಮಸೂದೆ ತರಬೇಕು, ಜಗಳ ಆಡಬೇಕು, ಕೈ ಎತ್ತಬೇಕು. ನಾನು ಸ್ಪೀಕರ್! ಆದರೆ ಓಟಿಲ್ಲ — ಎರಡೂ ಕಡೆ ಸಮ ಬಂದರೆ ಮಾತ್ರ ನನ್ನ ಓಟು. ಮಹೇಂದ್ರ ವಿರೋಧ ಪಕ್ಷದ ನಾಯಕ. ಅವನ ಬಾಯಿ ಮುಚ್ಚಿಸುವುದರಲ್ಲೇ ಪೀರಿಯಡ್ ಮುಗಿಯಿತು.

ಮಿಸ್ ಸೋಮವಾರದಿಂದ ಒಂದು ವಾರ ಟ್ರೇನಿಂಗ್‌ಗೆ ಹೋಗುತ್ತಾರೆ. "ಸಭೆ ನೀವೇ ನಡೆಸಿ, ನೋಡೋಣ" ಅಂದರು. ಮುಂದಿನ ಶುಕ್ರವಾರ ವಿಧಾನಸೌಧಕ್ಕೆ ಟ್ರಿಪ್. ಪಾಸು ಅದೇ ದಿನಕ್ಕೆ ಸಿಕ್ಕಿದೆ, ಹಾಗಾಗಿ ಪಿ.ಟಿ. ನಂದಕುಮಾರ್ ಸರ್ ಕರೆದುಕೊಂಡು ಹೋಗುತ್ತಾರಂತೆ.

ಪ್ರತಿಭಾ ನೆಲದ ಮೇಲೇ ಇಲ್ಲ. ನನ್ನ ಪಕ್ಕ ಕೂರುವವಳು, ಸಿಂದಗಿ ಕಡೆಯವಳು. ಅವಳಪ್ಪ ಅಲ್ಲಾಳಸಂದ್ರದ ಅಪಾರ್ಟ್‌ಮೆಂಟಿನಲ್ಲಿ ಸೆಕ್ಯುರಿಟಿ. "ಊರಿಗೆ ಹೋದಾಗೊಮ್ಮೆ ಕೇಳ್ತಾರ, ವಿಧಾನಸೌಧ ನೋಡೀಯೇನು ಅಂತ. ಮೂರು ವರ್ಷ ಆತು, ಹೂಂ ಅಂತ ಸುಳ್ಳ ಹೇಳಾಕತ್ತೀನಿ" ಅಂದಳು. ಹೊಟ್ಟೆ ಹಿಡಿದುಕೊಂಡು ನಕ್ಕೆವು.

16 ಫೆಬ್ರವರಿ, ಸೋಮವಾರ

ಏರ್ ಶೋ ರಿಹರ್ಸಲ್ ಶುರು. ಯಲಹಂಕದಲ್ಲಿ ಇನ್ನೊಂದು ವಾರ ಕಿವಿ ಇದ್ದೂ ಇಲ್ಲ. ಮ್ಯಾತ್ಸ್ ಮಧ್ಯೆ ತಲೆ ಮೇಲೇ ಒಂದು ಜೆಟ್... ಪ್ರತಿಭಾ ಥಟ್ಟನೆ ಎದ್ದು ಕಿಟಕಿಗೆ ಓಡಿದಳು. ಹಿಂದೆಯೇ ಅರ್ಧ ಕ್ಲಾಸು. ನೂಕಾಟದಲ್ಲಿ ಗಾಜು ಒಡೆಯಿತು. ಹೆಡ್‌ಮಾಸ್ಟರ್ ಬಂದು ಎಲ್ಲರನ್ನೂ ಬಿಸಿಲಲ್ಲಿ ನಿಲ್ಲಿಸಿದರು. ಪೀರಿಯಡ್ ಪೂರ್ತಿ! ಕೂತಲ್ಲೇ ಕೂತಿದ್ದ ನಾನೂ ನಿಂತೆ.

18 ಫೆಬ್ರವರಿ, ಬುಧವಾರ

ನಿನ್ನೆ ಶಿವರಾತ್ರಿ ರಜ. ಇವತ್ತು ಮಹೇಂದ್ರನ ಮಸೂದೆ: ವಿಮಾನ ಬಂದಾಗ ಮೊದಲು ಎದ್ದವರಿಗೆ ಟ್ರಿಪ್ ಇಲ್ಲ. ಮೊದಲು ಎದ್ದವರಿಗೆ ಮಾತ್ರ! ಆಮೇಲೆ ಓಡಿದವರಲ್ಲಿ ಅವನೂ ಇದ್ದನಲ್ಲ, ಕಳ್ಳ. ಆದರೂ ಪಾಸಾಯಿತು. ಪ್ರತಿಭಾ ಕೂಡ ಕೈ ಎತ್ತಿದಳು. "ಇನ್ನ ಮ್ಯಾಲೆ ನಾ ಏಳಂಗಿಲ್ಲ ಬಿಡ್ರಿ" ಅಂದಳು.

ಆಗ ಮಹೇಂದ್ರ ಮತ್ತೆ ಎದ್ದ. "ಸ್ಪೀಕರ್ ಮೇಡಂ, ಸೋಮವಾರದ್ದಕ್ಕೂ ಇದು ಅಪ್ಲೈ ಆಗ್ಬೇಕು. ಅವಳಿಂದ್ಲೇ ನಾವೆಲ್ಲಾ ಬಿಸಿಲಲ್ಲಿ ಒಣಗಿದ್ದು." ಬೆಲ್ ಆಯಿತು. ಓಟು ನಾಳೆಗೆ.

ಮೆಟ್ಟಿಲ ಹತ್ತಿರ ಅವನು ಯಾರಿಗೋ ಹೇಳುತ್ತಿದ್ದ: "ನೋಡ್ತಿರು ಮಗಾ, ಫ್ರೆಂಡ್ ಅಂತ ಬಿಟ್‌ಬಿಡ್ತಾಳೆ." ಮೈಯೆಲ್ಲ ಉರಿಯಿತು.

19 ಫೆಬ್ರವರಿ, ಗುರುವಾರ

ಸೋಮವಾರದ್ದಕ್ಕೂ ಕಾನೂನು ಅನ್ವಯಿಸಬೇಕು ಅಂದವರು ಇಪ್ಪತ್ತು. ಬೇಡ ಅಂದವರೂ ಇಪ್ಪತ್ತು. ನಾನೇ ಎಣಿಸಿದೆ, ಎರಡು ಸಲ. ಎಲ್ಲರೂ ನನ್ನ ಮುಖ ನೋಡಿದರು. ಮಹೇಂದ್ರ ಆಗಲೇ ನಗುತ್ತಿದ್ದ.

"ಅನ್ವಯಿಸಬೇಕು" ಅಂದುಬಿಟ್ಟೆ.

ಚಪ್ಪಾಳೆ. "ಸೂಪರ್ ಗುರು! ಸ್ಪೀಕರ್ ಅಂದ್ರೆ ಹಿಂಗಿರ್ಬೇಕು" ಅಂದ ಮಹೇಂದ್ರ. ಆ ಕ್ಷಣಕ್ಕೆ ಖುಷಿಯಾಯಿತು. ಸುಳ್ಳು ಯಾಕೆ, ಆಯಿತು. ಪ್ರತಿಭಾ ಅಳಲಿಲ್ಲ. ಪೆನ್ನಿನ ಕ್ಯಾಪ್ ತೆಗೆಯುವುದು, ಹಾಕುವುದು, ಅಷ್ಟೇ ಮಾಡುತ್ತಿದ್ದಳು.

ಮಧ್ಯಾಹ್ನ ನಂದಕುಮಾರ್ ಸರ್‌ಗೆ ಹೋಗಿ ಹೇಳಿದೆ. ಅವರಾದರೂ ಬೈದು ರದ್ದು ಮಾಡಲಿ ಅಂತ ಆಸೆ. "ನಿಮ್ ಕಾನೂನು, ನೀವೇ ನೋಡ್ಕೊಳ್ಳಿ. ಬಸ್ಸಲ್ಲಿ ಹೆಂಗೂ ಜಾಗ ಇಲ್ಲ" ಅಂದರು.

20 ಫೆಬ್ರವರಿ, ಶುಕ್ರವಾರ

ಹೋಗಿ ಬಂದೆವು. ಏರ್ ಶೋ ಜನ, ಹೆಬ್ಬಾಳದಲ್ಲಿ ಬಸ್ಸು ಅಲ್ಲಾಡಲಿಲ್ಲ. ಹೊರಡುವಾಗ ಪ್ರತಿಭಾ ಎ ಸೆಕ್ಷನ್ ಬಾಗಿಲಲ್ಲಿ ನಿಂತಿದ್ದಳು. ಇವತ್ತು ಅವಳನ್ನು ಅಲ್ಲಿ ಕೂರಿಸಿದ್ದರು. ಬ್ಯಾಗಿನಲ್ಲಿ ಏನೋ ಹುಡುಕುವ ಹಾಗೆ ತಲೆ ತಗ್ಗಿಸಿದೆ. ಥೂ, ನನ್ನ ಬುದ್ಧಿಗಿಷ್ಟು.

ಒಳಗೆ ನಿಜವಾದ ಸ್ಪೀಕರ್ ಕುರ್ಚಿ ತೋರಿಸಿದರು. ಎಲ್ಲರೂ "ಹರ್ಷಿತಾ, ಹರ್ಷಿತಾ" ಅಂತ ಕೂಗಿ ನಂದಕುಮಾರ್ ಸರ್ ಹತ್ತಿರ ಬೈಸಿಕೊಂಡರು. ನನಗೆ ಯಾವಾಗ ಮನೆ ಸೇರುತ್ತೇನೋ ಅನ್ನಿಸುತ್ತಿತ್ತು.

23 ಫೆಬ್ರವರಿ, ಸೋಮವಾರ

ಮಿಸ್ ಬಂದರು. ಎಲ್ಲ ಕೇಳಿ ಕುರ್ಚಿಯಲ್ಲಿ ಕೂತುಬಿಟ್ಟರು. "ಕಾನೂನು ಆಗೋಕ್ ಮುಂಚೆ ಮಾಡಿದ್ದಕ್ಕೆ ಆ ಕಾನೂನಿಂದ ಶಿಕ್ಷೆ ಕೊಡೋ ಹಾಗಿಲ್ಲ ಕಣ್ರೋ. ಸಂವಿಧಾನದಲ್ಲೇ ಇದೆ. ನಾನೇ ಹೇಳ್ಕೊಟ್ಟಿರ್ಲಿಲ್ಲ" ಅಂದರು. ಎಲ್ಲರೆದುರಿಗೆ ಪ್ರತಿಭಾಗೆ ಸಾರಿ ಕೇಳಿದರು. ಮಿಸ್ಸು, ಅವಳಿಗೆ! ಆಮೇಲೆ ಎಲ್ಲರೂ ಕೈ ಎತ್ತಿ ಕಾನೂನು ತೆಗೆದು ಹಾಕಿದೆವು. ಮಹೇಂದ್ರನೂ ಎತ್ತಿದ. ಏನು ಬಂತು? ಪ್ರತಿಭಾ ಬ್ಯಾಗು ಎತ್ತಿಕೊಂಡು ಹಿಂದಿನ ಬೆಂಚಿಗೆ, ಕನೀಜ್ ಪಕ್ಕಕ್ಕೆ ಹೋದಳು.

2 ಮಾರ್ಚ್, ಸೋಮವಾರ

ವಾರವಾಯಿತು, ಒಂದು ಮಾತಿಲ್ಲ. ಇವತ್ತು ನಲ್ಲಿ ಹತ್ತಿರ ಅಡ್ಡ ನಿಂತೆ. ಸಾರಿ ಕೇಳಬೇಕು ಅಂತಲೇ ಹೋಗಿದ್ದು, ಬಾಯಿಗೆ ಬಂದಿದ್ದು ಸಿಟ್ಟು. "ಇನ್ನೂ ಇಪ್ಪತ್ತು ಜನ ನಿನ್ ವಿರುದ್ಧ ಕೈ ಎತ್ತಿದ್ರಲ್ಲೇ. ಅವ್ರ ಹತ್ರ ಎಲ್ಲಾ ಮಾತಾಡ್ತೀಯ. ನನ್ನೊಬ್ಬಳ ಮೇಲೇ ಯಾಕೆ ಸಿಟ್ಟು?"

ಅವಳು ನಿಧಾನವಾಗಿ ನಲ್ಲಿ ತಿರುಗಿಸಿದಳು. "ಅವತ್ತ ನಾ ಕೈ ಎತ್ತಿದ್ದಿಲ್ಲ."

"ಏನು?"

"ನನ್ನ ಸಲುವಾಗಿ ನಾನ ಕೈ ಎತ್ತೂದು ಛಲೋ ಅನಿಸಲಿಲ್ಲ. ಸಮ ಆದ್ರ ಆಗ್ಲಿ, ಹರ್ಷಿತಾ ಅದಾಳಲ್ಲ ಅಂತ ಸುಮ್ನ ಕುಂತೆ."

ಬಾಟಲಿ ಮುಚ್ಚಿಕೊಂಡು ಹೋದಳು. ಸಿಟ್ಟು ಕೂಡ ಇರಲಿಲ್ಲ ಅವಳ ಮುಖದಲ್ಲಿ.

ಕ್ಲಾಸಿನಲ್ಲಿ ನಾವು ನಲವತ್ತೆರಡು. ಇಪ್ಪತ್ತು, ಇಪ್ಪತ್ತು, ನಾನು... ಎರಡು ಸಲ ಎಣಿಸಿದೆನಲ್ಲ, ಒಂದು ಕೈ ಮೇಲೆದ್ದೇ ಇಲ್ಲ ಅಂತ ಹೊಳೆಯಲಿಲ್ಲ. ನಾಳೆ ಅವಳು ಗೇಟಿಗೆ ಬರುವ ಮುಂಚೆಯೇ ಹೋಗಿ ನಿಂತು, ಏನಾದರಾಗಲಿ, ಅವಳ ಕೈ ಹಿಡಿದು ಸಾರಿ ಕೇಳುತ್ತೇನೆ.